ಪಕ್ಕೀರಪ್ಪ ಅಂತ ಬರ್ಕೋರಿ

ಕುಷ್ಟಗಿಯ ಮೈದಾನದಲ್ಲಿ ಪಕ್ಕೀರನ ಅಂಗಿ ಹರಿದದ್ದು ಆಟದೊಳಗಲ್ಲ. ಆಟ ನಿಲ್ಲಿಸಿ, ಮೈದಾನದ ಹಿಂದಿದ್ದ ಶಾಲೆಯ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ ಹರಿದರು.

ಮಹಿಳೆಯರ ಕಬಡ್ಡಿ ಪಂದ್ಯ. ಪಕ್ಕೀರ ಗಂಗಾವತಿ ತಂಡದಿಂದ ರೈಡ್ ಮಾಡುತ್ತಿದ್ದ. ಮೂವರನ್ನು ಮುಟ್ಟಿ, ಸೊಂಟಕ್ಕೆ ಜೋತುಬಿದ್ದ ಇಬ್ಬರನ್ನು ಎಳೆದುಕೊಂಡೇ ನಡುಗೆರೆ ದಾಟಿದ. ಎದುರು ತಂಡದ ಮ್ಯಾನೇಜರ್ ಅಂಕಣದೊಳಗೆ ನುಗ್ಗಿದ.

"ಇದು ಹೆಣ್ಣಲ್ರಿ! ಗಂಡಸನ್ನ ತಂದು ಆಡಸಾಕತ್ತಾರ! ಬಿಚ್ಚಿಸಿ ನೋಡ್ರಿ!"

ಜನ ಸೀಟಿ ಹೊಡೆದರು. ಬಿಚ್ಚಿಸ್ರಿ, ಬಿಚ್ಚಿಸ್ರಿ ಅಂತ ಕೂಗಿದರು.

ಕೋಣೆಯಲ್ಲಿ ಸಮಿತಿಯ ಹೆಂಗಸರಿದ್ದರು. ಇಬ್ಬರು ಕೈ ಹಿಡಿದರು. ಒಬ್ಬಳು ಅಂಗಿ ಎಳೆದಳು. ಎದೆಗೆ ಬಿಗಿದು ಕಟ್ಟಿಕೊಂಡಿದ್ದ ಬಟ್ಟೆಗೆ ಕತ್ತರಿ ಹಾಕಿದರು. ಕತ್ತರಿ ಪಕ್ಕೆಗೆ ತಾಗಿ ರಕ್ತ ಬಂತು. ಚಡ್ಡಿ ಇಳಿಸಿದರು. ಮೊಬೈಲ್ ಬೆಳಕು ಬಿಟ್ಟು ನೋಡಿದರು. ಸಂತೆಯಲ್ಲಿ ಎಮ್ಮೆ ಕೊಳ್ಳುವವನೂ ಮೊದಲು ಅದರ ಬೆನ್ನು ಸವರುತ್ತಾನೆ. ಇವರು ಅದನ್ನೂ ಮಾಡಲಿಲ್ಲ.

"ಹೆಣ್ಣ ಐತ್ರೀ," ಅಂತ ಒಬ್ಬಳು ಕಿಟಕಿಯಿಂದ ಕೂಗಿದಳು.

ಮೈಕಿನಲ್ಲಿ ಹೇಳಿದರು. "ತಪಾಸಣೆ ಮುಗಿದಿದೆ. ಆಟಗಾರ್ತಿ ಪಕ್ಕೀರವ್ವ ಹೆಣ್ಣು ಎಂದು ಖಚಿತವಾಗಿದೆ. ಆಟ ಮುಂದುವರಿಯುತ್ತದೆ."

ಸುಮ್ಮನಿದ್ದರೆ ಆಟ ಮುಂದುವರಿಯುತ್ತಿತ್ತು. ತಂಡ ಗೆಲ್ಲುತ್ತಿತ್ತು. ತಂಡದ ನಾಯಕಿ ಅಫ್ಸಾನಾ ತನ್ನ ದುಪಟ್ಟಾ ತಂದು ಅವನಿಗೆ ಹೊದಿಸಿದಳು. "ನಡಿ, ಪಕ್ಕೀರ. ಆಡಿ ಮುಗಸೋಣು. ಆಮ್ಯಾಲೆ ಇವ್ರನ್ನ ನೋಡ್ಕೊಳ್ಳೋಣು," ಅಂದಳು.

ಪಕ್ಕೀರ ಅಂಕಣಕ್ಕೆ ಹೋಗಲಿಲ್ಲ. ಪಕ್ಕೆಯಿಂದ ರಕ್ತ ಇಳಿಯುತ್ತಿರುವಂತೆಯೇ ವೇದಿಕೆಗೆ ಹೋದ. ಮೈಕ್ ಕಿತ್ತುಕೊಂಡ.

"ನಾ ಹೆಣ್ಣು ಅಂತ ಯಾರಿಗೂ ಹೇಳಿಲ್ಲ. ನನ್ನ ಹೆಸರು ಪಕ್ಕೀರಪ್ಪ. ಗಂಡುಮಕ್ಕಳ ತಂಡಕ್ಕ ಹೋಗಿ ಕೇಳ್ದೆ, ನಕ್ಕು ಅಟ್ಟಿದ್ರು. ಹೆಣ್ಣಮಕ್ಕಳು ಕರ್ಕೊಂಡ್ರು, ಆಡಿದೆ. ನೀವು ನನ್ನ ಬಿಚ್ಚಿ ನೋಡಿದ್ರಿ. ನೋಡಿದ್ದು ನನ್ನ ಮೈ. ನನ್ನಲ್ಲ."

ಮೊದಲ ಕಲ್ಲು ಬಂದು ಅವನ ಕಿವಿಗೆ ಬಿತ್ತು. ಆಮೇಲೆ ಜನ ಬಂದರು. ಗಂಡಸು ಅಂತ ಕೆಲವರು ಹೊಡೆದರು. ಹೆಣ್ಣಾಗಿ ಗಂಡಸು ಅಂತೀಯಾ ಅಂತ ಕೆಲವರು ಹೊಡೆದರು. ಕಾಲಲ್ಲಿ ಒದ್ದವರು ಏನೂ ಅನ್ನಲಿಲ್ಲ. ಅಫ್ಸಾನಾ ಮತ್ತು ತಂಡದ ಹುಡುಗಿಯರು ಅವನ ಮೇಲೆ ಬಿದ್ದುಕೊಂಡು ಕಾಪಾಡಿದರು. ಆ ಹುಡುಗಿಯರಿಗೂ ಪೆಟ್ಟು ಬಿತ್ತು. ತಂಡವನ್ನು ಪಂದ್ಯಾವಳಿಯಿಂದ ಹೊರಗೆ ಹಾಕಿದರು.

ವೇದಿಕೆಯ ಮೇಲೆ ಅತಿಥಿಗಳ ಸಾಲಿನಲ್ಲಿ ಹುಚ್ಚೀರಪ್ಪ ಕೂತಿದ್ದ. ಪಕ್ಕೀರನ ಸೋದರಮಾವ. ಗ್ರಾಮ ಪಂಚಾಯ್ತಿ ಸದಸ್ಯ. ಕೊರಳಲ್ಲಿ ಹಾರ ಹಾಗೇ ಇತ್ತು. ಅವನು ಎದ್ದು, ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೊರಟುಹೋದ.

ಪಕ್ಕೀರನ ಊರು ನವಲಿಯ ಹತ್ತಿರ, ಕಾಲುವೆ ನೀರಿನ ಭತ್ತದ ಸೀಮೆ. ಹುಟ್ಟಿದಾಗ ಪಕ್ಕೀರವ್ವ ಅಂತ ಹೆಸರಿಟ್ಟಿದ್ದರು. ಮಾತು ಬಲಿತಾಗಿನಿಂದ ಅವನು ತನ್ನನ್ನು ಪಕ್ಕೀರ ಅಂತಲೇ ಕರೆದುಕೊಂಡ. ಹೆಣ್ಣಾಳುಗಳ ಸಾಲಿನಲ್ಲಿ ನಾಟಿ ಹಚ್ಚುವಾಗ ಲುಂಗಿ ಕಟ್ಟುತ್ತಿದ್ದ. ಅವ್ವ ದುರಗಮ್ಮ ಬೈದಳು, ಬಾಸುಂಡೆ ಬರುವ ಹಾಗೆ ಹೊಡೆದಳು, ದೇವರಿಗೆ ಹರಕೆ ಹೊತ್ತಳು. ಅಪ್ಪ ಸತ್ತ ಮೇಲೆ ಅವರಿಬ್ಬರೂ ಹುಚ್ಚೀರಪ್ಪನ ಗದ್ದೆಯಲ್ಲೇ ದುಡಿಯುತ್ತಿದ್ದರು. ಅವನ ಜಾಗದಲ್ಲೇ ಅವರ ಮನೆ. ಪಕ್ಕೀರವ್ವ ದೊಡ್ಡವಳಾದ ಮೇಲೆ ತನಗೇ ಎಂದು ಹುಚ್ಚೀರಪ್ಪ ಮೊದಲಿನಿಂದ ಹೇಳಿಕೊಂಡು ಬಂದಿದ್ದ. ಅವನ ಮೊದಲ ಹೆಂಡತಿ ತೀರಿಕೊಂಡಿದ್ದಳು.

ಒಂದು ವರ್ಷದ ಹಿಂದೆ ಪಕ್ಕೀರ ಗಂಗಾವತಿಯ ವಕೀಲೆ ಗೀತಾ ಅವರ ಸಹಾಯದಿಂದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದ್ದ. ಟ್ರಾನ್ಸ್‌ಜೆಂಡರ್ ಎಂದು ಕಾರ್ಡು ಬಂತು. ಹೆಸರು ಪಕ್ಕೀರಪ್ಪ. ಅದನ್ನು ಅವನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಕಬಡ್ಡಿಗೆ ಮಾತ್ರ ಶಾಲೆಯ ಹಳೇ ಹೆಸರನ್ನೇ ಕೊಟ್ಟಿದ್ದ. ಬೇರೆ ದಾರಿ ಇರಲಿಲ್ಲ.

ಕುಷ್ಟಗಿಯಿಂದ ಬಂದ ಮಾರನೇ ದಿನ ಹುಚ್ಚೀರಪ್ಪ ಮನೆಗೆ ಬಂದ. ಪಕ್ಕೀರ ಮೈ ಊದಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದ. ದುರಗಮ್ಮ ಅರಿಶಿನ ಅರೆಯುತ್ತಿದ್ದಳು.

"ಊರ ಮುಂದ ನನ್ನ ಮಾರಿಗೆ ಮಸಿ ಬಳದ್ಲು ನಿನ್ನ ಮಗಳು," ಅಂದ ಹುಚ್ಚೀರಪ್ಪ. "ತಾಳಿ ಆಮ್ಯಾಲೆ ಕಟ್ಟೋಣು. ಮೊದ್ಲ ತಾ ಹೆಣ್ಣು ಅನ್ನೂದು ಅಕಿಗೆ ತಿಳೀಬೇಕು. ಹೊರಗ ನಡಿ ನೀನು."

"ಬ್ಯಾಡೋ ತಮ್ಮಾ. ಮೈ ತುಂಬ ಗಾಯ ಅದಾವು."

"ಚಿಲಕ ಹಾಕ್ತಿಯೋ, ಇಲ್ಲ ಇವತ್ತ ಗಂಟು ಮೂಟಿ ಕಟ್ತಿಯೋ?"

ದುರಗಮ್ಮ ಹೊರಗೆ ಬಂದಳು. ಚಿಲಕ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

ನಡು ಮಧ್ಯಾಹ್ನ. ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರ ಓಡುತ್ತಿತ್ತು. ಕುಷ್ಟಗಿಯ ಒದೆತಕ್ಕೆ ಮುರಿದಿದ್ದ ಪಕ್ಕೆಯಲ್ಲೇ ಪಕ್ಕೀರ ಗುದ್ದಾಡಿದ. ಮಾವನ ಭುಜ ಕಚ್ಚಿ ಮಾಂಸ ಕಿತ್ತ. ಹುಚ್ಚೀರಪ್ಪ ಅವನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಆಮೇಲೆ ಪಕ್ಕೀರನ ಕೈ ಏಳಲಿಲ್ಲ. ಅವನು ಕೂಗಿದ್ದು ಯಂತ್ರದ ಸದ್ದಿನಲ್ಲಿ ಮುಚ್ಚಿಹೋಯಿತು. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದವಳಿಗೆ ಮಾತ್ರ ಕೇಳಿಸಿತು.

"ಈಗ ಹೇಳು, ನೀ ಏನು?" ಅಂತ ಹುಚ್ಚೀರಪ್ಪ ಮತ್ತೆ ಮತ್ತೆ ಕೇಳುತ್ತಿದ್ದ.

ಪಕ್ಕೀರ ಹೇಳಲಿಲ್ಲ.

ಎದ್ದು ನಿಲ್ಲುವಷ್ಟು ಆದ ಕೂಡಲೇ ಅವನು ಮನೆ ಬಿಟ್ಟ. ದುರಗಮ್ಮ ಅನ್ನದ ತಾಟು ಹಿಡಿದು ಅಡ್ಡ ನಿಂತಿದ್ದಳು. ಅವನು ತಾಟನ್ನು ದಾಟಿ ಹೋದ.

ಗಂಗಾವತಿಯಲ್ಲಿ ಅಫ್ಸಾನಾಳ ಅಪ್ಪ ಮೌಲಾಹುಸೇನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲರ ಮೇಸ್ತ್ರಿ. ಮಿಲ್ಲಿನಲ್ಲಿ ಹೆಂಗಸರಿಗೆ ಭತ್ತ ಒಣಗಿಸುವ, ಕಸ ಗುಡಿಸುವ ಕೆಲಸ. ಚೀಲ ಹೊರುವುದು ಗಂಡಸರದು. "ನಾ ಚೀಲ ಹೊರ್ತೀನ್ರಿ, ಚಾಚಾ," ಅಂದ ಪಕ್ಕೀರ. ಮೌಲಾಹುಸೇನ ಅವನ ಮೋರೆಯ ಮೇಲಿನ ನೀಲಿ ಬರೆಗಳನ್ನು ನೋಡಿದ. ಮಗಳ ಮುಖ ನೋಡಿದ. ಚೀಲಕ್ಕೆ ಸಿಕ್ಕಿಸಿ ಎತ್ತುವ ಕಬ್ಬಿಣದ ಕೊಕ್ಕೆ ಒಂದನ್ನು ಅವನ ಕೈಗೆ ಕೊಟ್ಟ.

ಲಾರಿಯಿಂದ ಚೀಲ ಬೆನ್ನಿಗೆ ಬೀಳುತ್ತಿತ್ತು. ಬಿದ್ದಾಗ ಬೆನ್ನುಹುರಿ ಕಟಕ್ಕೆನ್ನುತ್ತಿತ್ತು. ಹಲಗೆ ಹತ್ತಬೇಕು, ಚೀಲಗಳ ಅಟ್ಟಿಯ ಮೇಲೆ ಎಸೆಯಬೇಕು, ಇಳಿಯಬೇಕು, ಮತ್ತೆ ಬೆನ್ನು ಕೊಡಬೇಕು. ಭತ್ತದ ಧೂಳು ಬೆವರಿಗೆ ಅಂಟಿ ಮೈಯೆಲ್ಲ ತುರಿಕೆ. ಕುತ್ತಿಗೆಯ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿಯಿತು. ಮೊದಮೊದಲು ಹಮಾಲರು ನಕ್ಕರು. ಅವನ ಚೀಲ ಒಂದೂ ನೆಲಕ್ಕೆ ಬೀಳದ್ದನ್ನು ನೋಡಿ ಸುಮ್ಮನಾದರು. ಪಕ್ಕೀರ ಅಂತ ಕರೆದು ಬೀಡಿ ಕೊಟ್ಟರು.

ಒಂದು ದಿನ ಚೀಲದಡಿಯೇ ವಾಂತಿಯಾಯಿತು. ಮರುದಿನವೂ ಆಯಿತು. ತಿಂಗಳದ್ದು ನಿಂತಿತ್ತು. ಅದು ನಿಂತದ್ದಕ್ಕೆ ಅವನು ಖುಷಿಪಟ್ಟಿದ್ದ. ಯಾಕೆ ನಿಂತಿದೆ ಎಂದು ತಿಳಿದ ದಿನ ಮಿಲ್ಲಿನ ಹಿಂದಿನ ಗೋಡೆಗೆ ಹಣೆ ಚಚ್ಚಿಕೊಂಡ. ಅಫ್ಸಾನಾ ಹಿಂದಿನಿಂದ ಅವನನ್ನು ತಬ್ಬಿ ಎಳೆದಳು. ಅವಳಿಗೂ ಆಗಲೇ ಎಲ್ಲ ಗೊತ್ತಾಯಿತು.

"ನನ್ನ ಮೈಯ್ಯಾಗ ಆಂವ ಅದಾನ, ಅಫ್ಸಾನಾ," ಅಂದ. "ಇನ್ನೂ ಒಳಗ ಅದಾನ."

"ತೆಗಿಸೋಣು. ನಾಳೆನ ಕೊಪ್ಪಳಕ್ಕ ಹೋಗೋಣು."

ಕೊಪ್ಪಳದ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಮುಂದೆ ಹೆಂಗಸರ ಸಾಲು. ಪಕ್ಕೀರ ಪ್ಯಾಂಟು, ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತ. ನರ್ಸ್ ಬಂದು, "ಗಂಡಸ್ರು ಹೊರಗ ನಿಂದ್ರಬೇಕ್ರಿ," ಅಂದಳು. ತೋರಿಸುವುದು ತನಗೇ ಅಂದಾಗ ಸಾಲೆಲ್ಲ ತಿರುಗಿ ನೋಡಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿದಳು. ಬಸಿರು ಹೌದು ಅಂದಳು. ಕಾರ್ಡು ನೋಡಿದಳು. ಮುಖ ಗಂಟಿಕ್ಕಿದಳು.

"ಗರ್ಭಪಾತದ ಕಾಯ್ದೆಯೊಳಗ ಮಹಿಳೆ ಅಂತ ಐತಿ. ನಿಮ್ಮ ಕಾರ್ಡಿನ್ಯಾಗ ಅದಿಲ್ಲ. ನಾಳೆ ನನ್ನ ನೌಕ್ರಿಗೆ ಬಂದ್ರ ಯಾರು? ಹಳೇ ಕಾರ್ಡ್ ತಗೊಂಡು ಬಾ. ಒಂದು ಸೀರಿ ಉಟ್ಕೊಂಡು ಬಾ. ಪಕ್ಕೀರವ್ವ ಅಂತ ಸಹಿ ಮಾಡು. ಮಾಡಿ ಕಳಸ್ತೀನಿ."

"ಹೊಟ್ಟಿ ಇದ ಐತಲ್ರಿ. ಸೀರಿ ಉಟ್ರ ಬ್ಯಾರೆ ಆಗ್ತೈತೇನು?"

"ನನ್ನ ಕೂಡ ವಾದ ಮಾಡಬ್ಯಾಡ. ಹೊರಗ ನಡಿ."

"ತೆಗಿಯೂತನ ಹೋಗೂದಿಲ್ರಿ."

ಪಕ್ಕೀರ ಬಾಗಿಲಲ್ಲೇ ಕುಳಿತ. ಅಫ್ಸಾನಾ ಪಕ್ಕದಲ್ಲಿ ಕುಳಿತಳು. ಹೆಂಗಸರ ಕಡೆ ಒಬ್ಬ ಗಂಡಸು ಬಂದು ಕೂತಿದ್ದಾನೆ ಎಂದು ಯಾರೋ ಕೂಗಿದರು. ಯಾರದೋ ಗಂಡ ಬಂದು ಕಪಾಳಕ್ಕೆ ಹೊಡೆದ. "ಹೆಂಗಸರ ವಾರ್ಡಿನ್ಯಾಗ ಏನ್ ಕೆಲಸಲೇ ನಿಂದು?" ಕಾವಲುಗಾರ ಲಾಠಿ ತಂದ. ಮೊದಲ ಏಟು ಮೊಣಕಾಲಿಗೆ ಬಿತ್ತು. ಎರಡನೆಯದು ಹೊಟ್ಟೆಗೆ ಬರುತ್ತಿತ್ತು. ಪಕ್ಕೀರ ಲಾಠಿ ಹಿಡಿದು ತಿರುಚಿದ. ಕಾವಲುಗಾರ ಮುಗ್ಗರಿಸಿ ಬಿದ್ದ. ಪಕ್ಕೀರ ಲಾಠಿಯನ್ನು ಮೊಣಕಾಲಿಗೆ ಕೊಟ್ಟು ಮುರಿದು ಎರಡು ತುಂಡನ್ನೂ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟ. ಬಾಯಿಂದ ರಕ್ತ ಸುರಿಯುತ್ತಿತ್ತು.

"ಮೈದಾನದಾಗ ಗಂಡಸು ಅಂತ ಹೊಡದ್ರಿ. ಇಲ್ಲಿ ಗಂಡಸು ಅಂತ ಹೊಡ್ಯಾಕತ್ತೀರಿ. ನಮ್ಮ ಮಾವ ನನ್ನ ಹೆಣ್ಣು ಅಂದಂವ. ಕೋಣೆಗೆ ಹಾಕಿ, ಗ್ವಾಡಿಗೆ ತಲಿ ಹೊಡದು, ಹೆಣ್ಣು ಮಾಡ್ತೀನಿ ಅಂತ ಕೆಡಿಸಿದಂವ. ಅವಂದ ಇದು. ತೆಗೀರಿ!"

ಹೊಡೆದ ಗಂಡ ತನ್ನ ಹೆಂಡತಿಯ ಹಿಂದೆ ಹೋಗಿ ನಿಂತ. ತುಂಬು ಬಸುರಿಯೊಬ್ಬಳು ಎದ್ದು ತನ್ನ ನೀರಿನ ಬಾಟಲಿಯನ್ನು ಪಕ್ಕೀರನ ಕೈಗೆ ಕೊಟ್ಟಳು.

ಅಫ್ಸಾನಾ ಫೋನು ಮಾಡಿದ್ದಳು. ಗಂಗಾವತಿಯಿಂದ ಗೀತಾ ಬಂದರು. ಡಾಕ್ಟರಮ್ಮನ ಎದುರು ಕುಳಿತು ಸುಪ್ರೀಂ ಕೋರ್ಟಿನ ತೀರ್ಪು ತೋರಿಸಿದರು. ಈ ಕಾಯ್ದೆಯಲ್ಲಿ ಮಹಿಳೆ ಅಂದರೆ ಬಸಿರು ತೆಗೆಸಬೇಕಾಗಿ ಬಂದ ಇಂಥವರೂ ಸೇರುತ್ತಾರೆ, ಯಾರ ಸಹಿಯೂ ಬೇಡ, ಇವರದೊಂದೇ ಸಾಕು ಅಂದರು. ಡಾಕ್ಟರಮ್ಮ ಓದಿದಳು. ಮತ್ತೊಮ್ಮೆ ಓದಿದಳು. ಮಾಡುತ್ತೇನೆ ಅಂದಳು. ಅತ್ಯಾಚಾರದ ಕೇಸು, ಪೊಲೀಸರಿಗೆ ತಿಳಿಸಲೇಬೇಕು ಅಂದಳು.

ಸಬ್‌ಇನ್‌ಸ್ಪೆಕ್ಟರ್ ಬಂದ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಎಲ್ಲ ಕೇಳಿದ. ಆಮೇಲೆ ಪೆನ್ನು ಕೆಳಗಿಟ್ಟ.

"ನೋಡಪಾ. ನೋಡವಾ. ಹೆಂಗ ಕರೀಬೇಕೋ ನನಗ ತಿಳೀವಲ್ದು. ಕಾಯ್ದೆ ಹಿಂಗ ಐತಿ. ಅತ್ಯಾಚಾರ ಅಂದ್ರ ಹೆಣ್ಣಿನ ಮ್ಯಾಲೆ ಆಗಬೇಕು. ಪಕ್ಕೀರವ್ವ, ಹೆಣ್ಣು ಅಂತ ಬರಸಿದ್ರ ಅವನಿಗೆ ಹತ್ತು ವರ್ಷ, ಅದಕ್ಕೂ ಹೆಚ್ಚು. ಪಕ್ಕೀರಪ್ಪ, ಟ್ರಾನ್ಸ್‌ಜೆಂಡರ್ ಅಂತ ಬರಸಿದ್ರ ಅದಕ್ಕ ಬ್ಯಾರೆ ಕಾಯ್ದೆ. ಭಾಳಂದ್ರ ಎರಡು ವರ್ಷ. ಯಾವ್ದು ಬರಿಲಿ?"

ಪಕ್ಕೀರ ಗೀತಾ ಅವರ ಮುಖ ನೋಡಿದ. ಅವರು ತಲೆ ತಗ್ಗಿಸಿದರು.

"ಖರೇನ ಹೇಳಾಕತ್ತಾರ, ಪಕ್ಕೀರ," ಅಂದರು. "ಕೋರ್ಟಿನ್ಯಾಗ ನಾ ವಾದ ಮಾಡಬಹುದು. ಗೆಲ್ತೀನೋ ಇಲ್ಲೋ ಗೊತ್ತಿಲ್ಲ. ಇದೊಂದ ಸಲ ಹಳೇ ಹೆಸರು ಬರಸಿಬಿಡು. ಆ ಬಾಡ್ಯಾನ್ನ ಒಳಗ ಹಾಕಾಕರ."

ಪಕ್ಕೀರನಿಗೆ ಮಾವ ಜೈಲಿನಲ್ಲಿ ಕೊಳೆಯುವುದು ಬೇಕಿತ್ತು. ಹತ್ತು ವರ್ಷ ಸಾಲದು, ಅಲ್ಲೇ ಸಾಯಬೇಕು ಅನಿಸುತ್ತಿತ್ತು. ಒಂದು ಅಕ್ಷರ ಸಾಕಿತ್ತು. ಹೆಸರಿನ ಕೊನೆಯಲ್ಲಿ ಅಪ್ಪ ಇದ್ದಲ್ಲಿ ಅವ್ವ. ನಾಲಿಗೆ ಎತ್ತಿದ. ಹೊಟ್ಟೆಯಿಂದ ಪಿತ್ತ ಉಕ್ಕಿ ಬಂದು ಅಲ್ಲೇ ಕಾರಿಕೊಂಡ. ಬಾಯಿ ಒರೆಸಿಕೊಂಡು ಹೇಳಿದ.

"ಆಂವ ಅದನ್ನ ಮಾಡಿದ್ದ ನನ್ನ ಬಾಯಿಂದ ಹೆಣ್ಣು ಅನ್ನಿಸಾಕ್ರಿ. ತಲಿ ಒಡದ್ರೂ ನಾ ಅನ್ಲಿಲ್ಲ. ಈಗ ನಿಮ್ಮ ಮುಂದ ನಾನ ಹೆಣ್ಣು ಅಂತ ಬರಕೊಟ್ರ ಆಂವ ಗೆದ್ದಂಗ ಅಲ್ಲೇನ್ರಿ? ಪಕ್ಕೀರಪ್ಪ ಅಂತ ಬರ್ಕೋರಿ."

ಸಬ್‌ಇನ್‌ಸ್ಪೆಕ್ಟರ್ ಹಾಗೇ ಬರೆದುಕೊಂಡ. ಗೀತಾ ಮೋರೆ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಅದೇ ಸಂಜೆ ಡಾಕ್ಟರಮ್ಮ ಬಸಿರು ತೆಗೆದಳು.

ಹುಚ್ಚೀರಪ್ಪನನ್ನು ಹಿಡಿದರು. ಎರಡು ವರ್ಷದ ಕೇಸು. ಬೇಗನೆ ಜಾಮೀನು ಸಿಕ್ಕಿತು. ಊರಲ್ಲಿ ಅವನಿಗೆ ಯಾರೂ ಏನೂ ಅನ್ನಲಿಲ್ಲ. ಯಲಬುರ್ಗಾದಲ್ಲಿ ಮತ್ತೊಂದು ಪಂದ್ಯಾವಳಿ ನಡೆಯಿತು. ಅವನನ್ನು ಅತಿಥಿಯಾಗಿ ಕರೆದು ಶಾಲು ಹೊದಿಸಿದರು. ಗಂಗಾವತಿಯ ಹುಡುಗಿಯರ ತಂಡವನ್ನು ಅಲ್ಲಿ ಒಳಗೇ ಬಿಡಲಿಲ್ಲ.

ಪಕ್ಕೀರ ಮಿಲ್ಲಿಗೆ ಮರಳಿದ. ರಕ್ತ ನಿಂತ ಮೇಲೆ ಮತ್ತೆ ಚೀಲ ಹೊತ್ತ.

ಒಂದು ಬೆಳಿಗ್ಗೆ ಮಿಲ್ಲಿನ ಅಂಗಳಕ್ಕೆ ಜೀಪು ಬಂತು. ಹುಚ್ಚೀರಪ್ಪ ಇಳಿದ. ಜೊತೆಗೆ ಇಬ್ಬರು ದಾಂಡಿಗರು. ಹಿಂದಿನ ಸೀಟಿನಿಂದ ದುರಗಮ್ಮನೂ ಇಳಿದಳು. ಸೊರಗಿ ಅರ್ಧವಾಗಿದ್ದಳು. ಪಕ್ಕೀರ ಅಟ್ಟಿಯ ಮುಂದೆ ಕೊಕ್ಕೆ ಹಿಡಿದು ನಿಂತಿದ್ದ.

"ಪಕ್ಕೀರವ್ವಾ," ಅಂದ ಹುಚ್ಚೀರಪ್ಪ, ಹಮಾಲರೆಲ್ಲ ಕೇಳುವ ಹಾಗೆ. "ಕೇಸ್ ವಾಪಸ್ ತಗೋ. ಮನಿಗೆ ನಡಿ. ತಾಳಿ ಕಟ್ತೀನಿ. ನನ್ನ ಮಗೂನ ಕೊಂದಿ. ಅದನ್ನೂ ಮರೀತೀನಿ. ಇನ್ನೊಂದು ಆಗ್ತೈತಿ."

"ಹೋಗಲೇ ಇಲ್ಲಿಂದ."

"ಎರಡು ವರ್ಷಲೇ ನಿನ್ನ ಕೇಸಿಗೆ! ಎರಡು ವರ್ಷ ನಾ ಅಲ್ಲಿ ಉಂಡು ಮಲಗಿ ಬರ್ತೀನಿ. ಬಂದು ಮತ್ತ ಇದನ್ನ ಮಾಡ್ತೀನಿ." ಅವನು ಕೈ ಚಾಚಿ ಪಕ್ಕೀರನ ಅಂಗಿಯ ಎದೆ ಹಿಡಿದು ಎಳೆದ. ಗುಂಡಿ ಕಿತ್ತವು. "ಏನೈತಿ ಇದರಾಗ, ಇವ್ರೆಲ್ಲಾ ನೋಡ್ಲಿ."

ಪಕ್ಕೀರ ಕೊಕ್ಕೆ ಬೀಸಿದ. ಎದೆ ಹಿಡಿದಿದ್ದ ಕೈಯ ಅಂಗೈ ಹಾದು ಕೊಕ್ಕೆಯ ತುದಿ ಹೊರಗೆ ಬಂತು. ಹುಚ್ಚೀರಪ್ಪ ಒದರಿದ. ಚೀಲ ಎಳೆಯುವ ಹಾಗೆಯೇ ಪಕ್ಕೀರ ಅವನನ್ನು ಎಳೆದ. ಅಂಗಳದ ಉದ್ದಕ್ಕೂ ಎಳೆದ. ಒಣಗಲು ಹಾಕಿದ್ದ ಭತ್ತದ ಮೇಲೆ ರಕ್ತದ ಗೆರೆ ಬಿತ್ತು. ದಾಂಡಿಗರು ಮುಂದೆ ಬಂದರು. ಹಮಾಲರು ಚೀಲ ಇಳಿಸಿ ಅಡ್ಡ ನಿಂತರು. ಅವರ ಕೈಯಲ್ಲೂ ಕೊಕ್ಕೆ ಇದ್ದವು. ದಾಂಡಿಗರು ನಿಂತಲ್ಲೇ ನಿಂತರು.

"ಈಗ ಹೇಳು, ನಾ ಏನು?" ಅಂತ ಪಕ್ಕೀರ ಕೇಳಿದ.

ಹುಚ್ಚೀರಪ್ಪನ ಬಾಯಲ್ಲಿ ಭತ್ತ ತುಂಬಿತ್ತು. ಪಕ್ಕೀರ ಅವನ ಮುಖಕ್ಕೆ ಒದ್ದ. ಹಲ್ಲು ಮುರಿದವು. ಇನ್ನೊಮ್ಮೆ ಕಾಲೆತ್ತಿದಾಗ ಮೌಲಾಹುಸೇನ ಹಿಂದಿನಿಂದ ಹಿಡಿದ. "ಬಸ್ ಬೇಟಾ. ಸತ್ರ ಇಂವಂದು ಮುಗೀತೈತಿ. ನಿಂದು ಮುಗಿಯಂಗಿಲ್ಲ. ಬಸ್."

ದಾಂಡಿಗರು ಹುಚ್ಚೀರಪ್ಪನನ್ನು ಜೀಪಿಗೆ ಹಾಕಿಕೊಂಡರು. ಬಾರವಾ ಅಂತ ದುರಗಮ್ಮನನ್ನು ಕರೆದರು. ಅವಳು ಜೀಪು ಹತ್ತಲಿಲ್ಲ. ಪೊಲೀಸರು ಬಂದು ಕೇಳಿದಾಗ ಅವಳೇ ಮೊದಲು ಬಾಯಿಬಿಟ್ಟಳು.

"ಮೊದ್ಲ ಕೈ ಹಾಕಿದಂವ ನನ್ನ ತಮ್ಮ. ಆವತ್ತೂ ಆಂವನ. ಚಿಲಕ ಹಾಕಿದಾಕಿ ನಾನು. ನನ್ನೂ ಕರ್ಕೊಂಡು ಹೋಗ್ರಿ."

ಪಕ್ಕೀರ ಅವಳ ಕಡೆ ನೋಡಲಿಲ್ಲ. ಕೈ ಮುಂದೆ ಚಾಚಿ ಬೇಡಿ ಹಾಕಿಸಿಕೊಂಡ.

ಠಾಣೆಯಲ್ಲಿ ಕೇಸು ಬರೆಯುವ ರೈಟರ್ ಕಾಗದ ತೆಗೆದ. ಅವನಿಗೆ ಅವಸರವಿತ್ತು.

"ಹೆಸರು?"

"ಪಕ್ಕೀರಪ್ಪ."

ರೈಟರ್ ಬರೆದ. ತಲೆ ಎತ್ತದೆ ಮುಂದಿನ ಸಾಲಿಗೆ ಹೋದ. ಏನೂ ಕೇಳಲಿಲ್ಲ. ಗಂಡು ಅಂತ ಬರೆದ.

ಪಕ್ಕೀರ ಬಗ್ಗಿ ಓದಿದ.

"ಇದಕ್ಕ ಎಷ್ಟು ವರ್ಷ ಆಗ್ತೈತ್ರಿ?"

"ಕೊಕ್ಕಿಲೆ ಹೊಡದೀ. ಕೈ ಹೋಗೈತಿ. ಹಲ್ಲು ಹೋಗ್ಯಾವು. ಹತ್ತೂ ಆಗಬಹುದು. ಅದಕ್ಕೂ ಹೆಚ್ಚಾಗಬಹುದು."

"ಆಂವನ ಕೈಗೆ ಹತ್ತು. ನನ್ನ ಮೈಗೆ ಎರಡು."

"ಬಾಯಿ ಮುಚ್ಕೊಂಡು ಸಹಿ ಮಾಡಲೇ."

"ನೀವು ನನ್ನ ಬಿಚ್ಚಿ ನೋಡ್ಲಿಲ್ಲ. ಕಾರ್ಡ್ ಕೇಳ್ಲಿಲ್ಲ. ಗಂಡು ಅಂತ ಬರದ್ರಿ. ಹೊಡದಾಗ ನಾ ಗಂಡಸು. ಹೊಡಸ್ಕೊಂಡಾಗ ಯಾಕ ಅಲ್ರಿ?"

ರೈಟರ್ ಪೆನ್ನು ಅವನ ಮುಂದೆ ತಳ್ಳಿದ. ಪಕ್ಕೀರ ಪೆನ್ನು ಮುಟ್ಟಲಿಲ್ಲ.

"ಆ ಕೇಸಿನ ಕಾಗದಾನೂ ತರ್ರಿ. ಅದ್ರಾಗೂ ಗಂಡು ಅಂತ ಬರೀರಿ. ಗಂಡಸನ್ನ ಕೋಣೆಗೆ ಹಾಕಿ ಕೆಡಿಸಿದ್ರ ಎಷ್ಟು ವರ್ಷ ಅನ್ನೂದನ್ನೂ ಬರೀರಿ. ಎರಡಕ್ಕೂ ಕೂಡೇ ಸಹಿ ಮಾಡ್ತೀನಿ."

ರೈಟರ್ ಪಕ್ಕದವನ ಮುಖ ನೋಡಿದ. ಪಕ್ಕದವನು ಕಪಾಟಿನಿಂದ ಕಾಯ್ದೆಯ ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದ. ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಗಂಡಸನ್ನು ಕೆಡಿಸಿದರೆ ಏನು ಶಿಕ್ಷೆ ಅನ್ನುವುದಕ್ಕೆ ಅಲ್ಲಿ ಒಂದು ಸಾಲೂ ಇರಲಿಲ್ಲ.

"ಹಾಕ್ರಿ ಒಳಗ," ಅಂದ ರೈಟರ್.

ಕುತ್ತಿಗೆ ಹಿಡಿದು ಒಳಗೆ ನೂಕಿದರು. ಸರಳಿಗೆ ಹಣೆ ಬಡಿದು ಒಡೆಯಿತು. ಪಕ್ಕೀರ ಎದ್ದು, ರಕ್ತ ಒರೆಸದೆ, ಬಾಗಿಲಿಗೇ ಬಂದು ನಿಂತ.

"ಹುಡುಕ್ರಿ," ಅಂದ. "ಸಿಗೂತನ ಹುಡುಕ್ರಿ. ಸಿಗಲಿಲ್ಲಂದ್ರ ಹೊಸದು ಬರೀರಿ. ನಾ ಇಲ್ಲೇ ಅದೀನಿ."